ಕೆಟ್ಟ ಬೆಳೆಯ ಲೆಕ್ಕ: ‘ಮೊದಲ ನಾಲ್ಕು ವರ್ಷಗಳು’ ಎಂಬ ಗ್ರಂಥವನ್ನು ಕುರಿತು

ಸಾಹಿತ್ಯವು ಒಕ್ಕಲಿಗನನ್ನು ಕಂಡಿರುವುದು ಬಹುಮಟ್ಟಿಗೆ ಎರಡು ವೇಷಗಳಲ್ಲಿ. ಒಂದು ಸುಗ್ಗಿಯ ವೇಷ: ಕಣದಲ್ಲಿ ರಾಶಿ, ಕೊರಳಲ್ಲಿ ಹಾಡು, ಹಟ್ಟಿಯಲ್ಲಿ ಹಾಲು. ಇನ್ನೊಂದು ಕ್ಷಾಮದ ವೇಷ: ಬಿರಿದ ನೆಲ, ಬತ್ತಿದ ಕೆರೆ, ಸಾಹುಕಾರನ ಬಾಗಿಲು, ಊರು ಬಿಟ್ಟು ಹೊರಟ ಗಾಡಿ. ಕವಿಗೆ ಇವೆರಡೂ ಒದಗಿಬರುತ್ತವೆ. ಒಂದರಲ್ಲಿ ಹರ್ಷವುಂಟು, ಮತ್ತೊಂದರಲ್ಲಿ ಕರುಣವುಂಟು. ಆದರೆ ಬೆಳೆ ಕೆಟ್ಟ ಮರುದಿನ ಹೊಲದ ಬದುವಿನ ಮೇಲೆ ನಿಂತು, ಏತಕ್ಕಾಗಿ ಕೆಟ್ಟಿತೆಂದು ಎಣಿಸಿ ನೋಡಿ, ಬರುವ ವರ್ಷ ಬೇರೊಂದು ಬಗೆಯಾಗಿ ಬಿತ್ತುವ ಮೂರನೆಯ ಒಕ್ಕಲಿಗನೊಬ್ಬನಿದ್ದಾನೆ. ದೇಶದಲ್ಲಿ ಇಂಥವರೇ ಹೆಚ್ಚು. ಪುಸ್ತಕಗಳಲ್ಲಿ ಮಾತ್ರ ಅವನು ಅಪರೂಪ. ಅವನ ಕೆಲಸದಲ್ಲಿ ರಸವಿಲ್ಲವೆಂದು ಲೇಖಕರು ಭಾವಿಸಿರಬಹುದು. ಕೆಟ್ಟದ್ದನ್ನು ಕಲಿತದ್ದಕ್ಕೆ ಜೋಡಿಸುವ ಆ ಎಣಿಕೆಯಲ್ಲಿ ರಸವಿದೆಯೇ ಇಲ್ಲವೇ ಎಂಬ ಪ್ರಶ್ನೆಯನ್ನು, ಈಚೆಗೆ ಓದಿದ ಒಂದು ಪುಸ್ತಕವನ್ನು ಮುಂದಿಟ್ಟುಕೊಂಡು, ವಾಚಕರೊಡನೆ ವಿಚಾರಮಾಡಬೇಕೆಂದು ತೋರಿತು.

ಗ್ರಂಥ ಅಮೆರಿಕಾ ದೇಶದ್ದು. ಇಂಗ್ಲಿಷಿನಲ್ಲಿ ಅದರ ಹೆಸರು ‘ದಿ ಫಸ್ಟ್ ಫೋರ್ ಇಯರ್ಸ್’. ಬರೆದವರು ಶ್ರೀಮತಿ ಲಾರಾ ಇಂಗಲ್ಸ್ ವೈಲ್ಡರ್. 1932ರಿಂದ 1943ರ ವರೆಗೆ ಅಚ್ಚಾದ ಅವರ ‘ಪುಟ್ಟ ಮನೆ’ಯ ಎಂಟು ಪುಸ್ತಕಗಳನ್ನು ಮಕ್ಕಳಿರುವ ಮನೆಗಳಲ್ಲಿ ಹಲವರು ಬಲ್ಲರು. ಈ ಒಂಬತ್ತನೆಯದು ಬೇರೆ ಜಾತಿಯದು. ಗ್ರಂಥಕರ್ತ್ರಿಯವರು ಇದನ್ನು ತಾವು ಬದುಕಿರುವಾಗ ಅಚ್ಚಿಗೆ ಕೊಡಲಿಲ್ಲ. 1957ರಲ್ಲಿ ಅವರೂ, 1968ರಲ್ಲಿ ಅವರ ಮಗಳು ರೋಜ್ ವೈಲ್ಡರ್ ಲೇನರೂ ತೀರಿಕೊಂಡ ಮೇಲೆ, ಹಸ್ತಪ್ರತಿ ಹೊರಬಂದದ್ದು 1971ರಲ್ಲಿ. ಮಗಳು ಸ್ವತಃ ಹೆಸರಾದ ಲೇಖಕಿ. ಮೊದಲ ಎಂಟು ಪುಸ್ತಕಗಳನ್ನು ತಿದ್ದಿ ತೀಡಿದ ಕೈ ಆಕೆಯದು. ಅದು ಎಷ್ಟರಮಟ್ಟಿಗೆ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ತೀರಿಲ್ಲ. ಈ ಪ್ರತಿಗೆ ಆ ಕೈ ಸೋಕಿಲ್ಲ. ಆದಕಾರಣ ಇಲ್ಲಿಯ ಮಾತು ಮಗ್ಗದಿಂದ ಇಳಿದ ಗಂಜಿ ಹಾಕದ ಬಟ್ಟೆಯಂತಿದೆ. ಇದನ್ನೊಂದು ಕೊರತೆಯೆಂದು ಬಗೆದವರುಂಟು. ನಾನು ಹಾಗೆ ಬಗೆಯಲಾರೆ. ಮುಂದಿನ ಮಾತುಗಳಲ್ಲಿ ಬರೆದವರನ್ನು ಶ್ರೀಮತಿ ವೈಲ್ಡರ್ ಎಂದೂ, ಕಥೆಯೊಳಗಿನ ಎಳೆಯ ಹೆಂಡತಿಯನ್ನು ಲಾರಾ ಎಂದೂ ಕರೆಯುತ್ತೇನೆ. ಇಬ್ಬರೂ ಒಬ್ಬರೇ ಆದರೂ ನಡುವೆ ಹಲವು ದಶಕಗಳ ಅಂತರವಿದೆ.

ಕಥೆ ನಡೆಯುವುದು ಡಕೋಟಾ ಪ್ರಾಂತದ ಡಿ ಸ್ಮೆಟ್ ಎಂಬ ಊರಿನ ಹೊರಗೆ, 1885ರಿಂದ 1889ರ ವರೆಗೆ. ಆರಂಭದಲ್ಲಿಯೇ ಒಂದು ಕರಾರು ಬರುತ್ತದೆ. ಬೇಸಾಯಗಾರನನ್ನು ಮದುವೆಯಾಗಲಾರೆನೆಂದು ಲಾರಾ ಹೇಳುತ್ತಾಳೆ. ಹೊಲದ ಬಾಳು ಹೆಂಗಸಿಗೆ ಕಷ್ಟದ್ದು. ಕೊಯ್ಲಿನ ಆಳುಗಳಿಗೆ ಬೇಯಿಸಿ ಹಾಕುವುದಕ್ಕೇ ಹಗಲು ಸಾಲದು. ಮೇಲಾಗಿ ರೈತನ ಮಾಲಿಗೂ ಪೇಟೆಯವನೇ ಬೆಲೆ ಕಟ್ಟುತ್ತಾನೆ, ರೈತನು ಕೊಳ್ಳುವ ಸರಕಿಗೂ ಪೇಟೆಯವನೇ ಬೆಲೆ ಕಟ್ಟುತ್ತಾನೆ ಎಂಬುದು ಅವಳ ಆಕ್ಷೇಪ. ಹದಿನೆಂಟು ವರ್ಷದ ಹುಡುಗಿಯ ಬಾಯಲ್ಲಿ ಬಂದ ಈ ಮಾತಿಗೆ ಇಂದಿನ ನಮ್ಮ ಸಂತೆಗಳಲ್ಲಿಯೂ ಉತ್ತರ ದೊರೆತಂತಿಲ್ಲ. ಅವಳನ್ನು ವರಿಸಬಯಸಿದ ಮ್ಯಾನ್ಲಿ ಮೂರು ವರ್ಷದ ಅವಧಿ ಕೇಳುತ್ತಾನೆ. ಅಷ್ಟರಲ್ಲಿ ಕೈಗೂಡದಿದ್ದರೆ ಬೇಸಾಯವನ್ನು ಬಿಟ್ಟು ಅವಳು ಹೇಳಿದ್ದನ್ನು ಮಾಡುವುದಾಗಿ ಮಾತು ಕೊಡುತ್ತಾನೆ. ಮೂರು ವರ್ಷ ಕಳೆದಾಗ ಇನ್ನೊಂದು ವರ್ಷ ಕೃಪೆಯಿಂದ ಸೇರುತ್ತದೆ. ಗ್ರಂಥದ ನಾಲ್ಕು ಅಧ್ಯಾಯಗಳು ಹೀಗೆ ಹುಟ್ಟಿದವು. ಬೇಸಾಯವನ್ನು ಅವಧಿಯಿಟ್ಟು ಪರೀಕ್ಷೆಮಾಡಿದ ಇಂಥ ಚೌಕಟ್ಟನ್ನು ನಾನು ಬೇರೆ ಕಾದಂಬರಿಯಲ್ಲಿ ಕಂಡಿಲ್ಲ.

ಮೊದಲ ವರ್ಷದ ಅಧ್ಯಾಯವೇ ಪುಸ್ತಕದಲ್ಲಿ ಅತ್ಯುತ್ತಮವಾದದ್ದು. ಒಕ್ಕಣೆಗೆ ಬಂದ ಆಳುಗಳಿಗೆ ಹೊಸ ಹೆಂಡತಿ ಮೊದಲ ಬಾರಿಗೆ ಅಡಿಗೆ ಮಾಡುತ್ತಾಳೆ. ಕಾಳು ಅರೆಬೆಂದಿದೆ, ರೂಬಾರ್ಬ್ ಎಂಬ ಹುಳಿದಂಟನ್ನು ತುಂಬಿದ ಭಕ್ಷ್ಯಕ್ಕೆ ಸಕ್ಕರೆ ಹಾಕುವುದೇ ಮರೆತುಹೋಗಿದೆ. ಉಣ್ಣುತ್ತಿದ್ದ ನೆರೆಯವನೊಬ್ಬನು ಮಾತಾಡದೆ ಮೇಲಿನ ಪದರವನ್ನೆತ್ತಿ ಸಕ್ಕರೆ ಸುರಿದುಕೊಂಡು, ಹೀಗಿದ್ದರೆ ತಾನೆ ಅವರವರಿಗೆ ಬೇಕಾದಷ್ಟು ಸಿಹಿ ಹಾಕಿಕೊಳ್ಳಲು ಅನುಕೂಲವೆಂದು ಅವಳ ಮಾನ ಕಾಪಾಡುತ್ತಾನೆ. ಇಂಥ ಸಣ್ಣ ಸಂಗತಿಯ ಪಕ್ಕದಲ್ಲಿಯೇ, ಅದೇ ದನಿಯಲ್ಲಿ, ಸಾಲದ ಸಂಗತಿಗಳೂ ಬರುತ್ತವೆ. ಹೊಸ ನೆಲವನ್ನೊಡೆಯುವ ನೇಗಿಲಿಗೆ 55 ಡಾಲರು, ಅರ್ಧ ಮಾತ್ರ ಕೊಟ್ಟದ್ದು. ಗೋಧಿಯನ್ನು ಕೊಯ್ದು ಸಿವುಡು ಕಟ್ಟುವ ಯಂತ್ರಕ್ಕೆ 200 ಡಾಲರು, ಎರಡು ಕಂತಿನಲ್ಲಿ, ನೂರಕ್ಕೆ ಎಂಟರಂತೆ ಬಡ್ಡಿ. ಪ್ರತಿಸಲವೂ ಮ್ಯಾನ್ಲಿಯ ಸಮಾಧಾನ ಒಂದೇ: ಪೈರು ನೋಡು, ಹೇಗಿದೆ! ಪೈರು ನಿಜವಾಗಿಯೂ ಹಾಗಿತ್ತು. ಇನ್ನೇನು ಕೊಯ್ಲು ಎನ್ನುವಾಗ ಮೋಡ ಕವಿದು ಆಲಿಕಲ್ಲು ಬಿತ್ತು. ಇಪ್ಪತ್ತು ನಿಮಿಷದ ಮಳೆ. ನಿಂತಾಗ ಹೊಲದಲ್ಲಿ ಗೋಧಿಯಿರಲಿಲ್ಲ.

ಆಗ ಮ್ಯಾನ್ಲಿ ಮಾಡುವ ಕೆಲಸವೇನು? ನೆಲದ ಮೇಲೆ ಬಿದ್ದ ಆಲಿಕಲ್ಲುಗಳನ್ನು ಬಾಚಿ ತಂದು, ಐಸ್‌ಕ್ರೀಮು ಮಾಡೋಣವೆಂದು ಹೆಂಡತಿಗೆ ಹೇಳುತ್ತಾನೆ. ಈ ಪ್ರಸಂಗವನ್ನು ಧೈರ್ಯದ ನಿದರ್ಶನವೆಂದು ಹೊಗಳುವುದು ವಾಡಿಕೆಯಾಗಿದೆ. ನಾನು ಮೊದಲ ಸಲ ಓದಿದಾಗ ಹಾಗೆಯೇ ತಿಳಿದು ಮೆಚ್ಚಿದೆ. ಎರಡನೆಯ ಸಲ ಓದಿದಾಗ ಮನಸ್ಸು ಬೇರೆಯಾಯಿತು. ಏಕೆಂದರೆ ಕೆಲವೇ ಪುಟಗಳ ತರುವಾಯ, ಮನೆ ಕಟ್ಟಿಸಿದ್ದರ ಮೇಲೆ ಇನ್ನೂ 500 ಡಾಲರು ಸಾಲವಿದೆಯೆಂಬುದು ಲಾರಾಗೆ ಗೊತ್ತಾಗುತ್ತದೆ. ಮದುವೆಗೆ ಮುಂಚೆಯೂ ಆಮೇಲೆಯೂ ಆಕೆಗೆ ಯಾರೂ ಅದನ್ನು ತಿಳಿಸಿರಲಿಲ್ಲ. ಆ ಸಾಲವನ್ನು ಬಲ್ಲವನೊಬ್ಬನು, ಅರಿಯದವಳೊಬ್ಬಳು, ಇಬ್ಬರೂ ಕೂಡಿ ಒಂದೇ ಬಟ್ಟಲಿನಿಂದ ಆ ಸಿಹಿಯನ್ನು ತಿಂದರು! ಶ್ರೀಮತಿ ವೈಲ್ಡರ್ ಇದಕ್ಕೆ ವ್ಯಾಖ್ಯಾನ ಬರೆಯುವುದಿಲ್ಲ. ಗಂಡನನ್ನು ದೂರುವುದೂ ಇಲ್ಲ. ಎರಡು ಸಂಗತಿಗಳನ್ನು ಒಂದರ ಮಗ್ಗುಲಲ್ಲೊಂದನ್ನಿಟ್ಟು ಸುಮ್ಮನಾಗುತ್ತಾರೆ. ತಿದ್ದುವ ಕೈ ಬಿದ್ದಿದ್ದರೆ ಈ ಎರಡರಲ್ಲೊಂದು ಖಂಡಿತವಾಗಿ ಹೋಗುತ್ತಿತ್ತೆಂದು ನನ್ನ ಊಹೆ.

ಇಲ್ಲಿ ಮನೆಯ ಮಾತೊಂದನ್ನು ಹೇಳುವುದಕ್ಕೆ ವಾಚಕರು ಅನುಮತಿ ಕೊಡಬೇಕು. ನನ್ನ ತಂದೆಯವರು ನಾಲ್ಕೆಕರೆ ಖುಷ್ಕಿ ಜಮೀನನ್ನು ಮಾಡಿಸುತ್ತಿದ್ದರು. ಜಮಾಖರ್ಚಿನ ಪುಸ್ತಕವನ್ನು ತಪ್ಪದೆ ಬರೆಯುತ್ತಿದ್ದರು. ಅವರು ಹೋದ ಮೇಲೆ ಅದನ್ನು ಬಿಡಿಸಿ ನೋಡಿದೆ. ರಾಗಿ ಇಷ್ಟು ಪಲ್ಲ, ಹುರುಳಿ ಇಷ್ಟು, ಹುಲ್ಲಿನ ಮೆದೆ ಇಷ್ಟು, ಆಳಿಗೆ ಇಷ್ಟು ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಾರೆ. ಆದರೆ ನಡುನಡುವೆ ಕೆಲವು ಪುಟಗಳ ತಲೆಯಲ್ಲಿ ‘ಶ್ರೀ’ ಎಂದಿದೆ, ಕೆಳಗೆ ಏನೂ ಇಲ್ಲ. ಕೇಳಿದ್ದಕ್ಕೆ ನಮ್ಮ ತಾಯಿಯವರು, “ಅವೆಲ್ಲ ಮಳೆ ಹೋದ ವರ್ಷ ಕಣಪ್ಪ, ಬರೆಯೋಕೆ ಏನಿತ್ತು?” ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ, “ಒಂದು ವರ್ಷ ರಾಗಿಯೆಲ್ಲ ಸೀದುಹೋದರೂ ಅಕ್ಕಡಿ ಸಾಲಿನ ಅವರೆ ನಿಂತಿತ್ತು. ಅದರಲ್ಲೇ ನಾಲ್ಕು ತಿಂಗಳು ಕಳೆದೆವು. ಆಮೇಲಿಂದ ನಿಮ್ಮಪ್ಪ ಅಕ್ಕಡಿ ಸಾಲನ್ನು ಹತ್ತಿರ ಹತ್ತಿರ ಹಾಕಿಸೋರು” ಎಂದರು. ನೋಡಿದರೆ, ಕಲಿತದ್ದೆಲ್ಲವೂ ಆ ಬರಿಯ ಪುಟಗಳ ವರ್ಷದಲ್ಲಿಯೇ ಆಗಿತ್ತು. ಪುಸ್ತಕಕ್ಕೆ ಮಾತ್ರ ಅದು ಏರಿರಲಿಲ್ಲ. ಶ್ರೀಮತಿ ವೈಲ್ಡರ್ ಅವರ ಗ್ರಂಥವನ್ನು ನಾನು ಬೇರೆಯವರಿಗಿಂತ ಹೆಚ್ಚು ಆಸ್ಥೆಯಿಂದ ಓದಿದ್ದರೆ ಅದಕ್ಕೆ ಇದೇ ಕಾರಣ. ಬೇರೆಯವರು ಖಾಲಿ ಬಿಟ್ಟ ಪುಟಗಳನ್ನು ಈಕೆ ತುಂಬಿದ್ದಾರೆ.

ಮುಂದಿನ ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. ಸಾಲ ತೀರಿಸಲು ಒಂದು ಹಿಡುವಳಿಯನ್ನು ಅಡಮಾನ ಮಾಡಬೇಕಾಯಿತು. ಅದಕ್ಕಾಗಿ ಹೊಸ ಮನೆಯನ್ನು ಬಿಟ್ಟು ಅಲ್ಲಿದ್ದ ಕಿರುಗುಡಿಸಲಿಗೆ ಹೋಗಬೇಕಾಯಿತು. ಮಗಳು ಹುಟ್ಟಿದಳು. ಗಂಡಹೆಂಡಿರಿಬ್ಬರಿಗೂ ಗಂಟಲಮಾರಿ ಬಂತು. ಪೂರ್ತಿ ಗುಣವಾಗುವ ಮುನ್ನ ದುಡಿಯಲು ಹೋದ ಮ್ಯಾನ್ಲಿಗೆ ಅಂಗಗಳು ಸ್ವಾಧೀನ ತಪ್ಪಿ, ಆ ಕುಂಟು ಬದುಕಿರುವವರೆಗೂ ಉಳಿಯಿತು. ಒಂದು ಸಲ ತೆನೆ ಹಾಲುಗಟ್ಟುವ ಹೊತ್ತಿಗೆ ಬಿಸಿಗಾಳಿ ಬೀಸಿ ನಿಂತ ಪೈರು ನಿಂತಂತೆಯೇ ಒಣಗಿತು. ಇನ್ನೊಂದು ಸಲ ಬಿತ್ತಿದ ಬೀಜವೇ ಮಣ್ಣಿನೊಡನೆ ಗಾಳಿಗೆ ಎದ್ದುಹೋಯಿತು. ನಾಲ್ಕನೆಯ ವರ್ಷ ಹುಟ್ಟಿದ ಗಂಡುಮಗು ಹೆಸರಿಡುವ ಮೊದಲೇ ತೀರಿಕೊಂಡಿತು. ಅದಾದ ಕೆಲವೇ ದಿನಗಳಲ್ಲಿ ಒಲೆಯ ಉರಿ ಹೊತ್ತಿ ಮನೆಯೂ ಬೂದಿಯಾಯಿತು. ಲಾರಾ ಹೊರಗೆ ತಂದದ್ದು ಮಗಳನ್ನೂ, ಕಾಗದಪತ್ರಗಳ ಒಂದು ಸಣ್ಣ ಪೆಟ್ಟಿಗೆಯನ್ನೂ. ಕೈ ಕೆಸರಾದರೆ ಬಾಯಿ ಮೊಸರೆಂಬ ನಮ್ಮ ಗಾದೆಯ ಮೊದಲರ್ಧ ಮಾತ್ರ ಸತ್ಯವಾದ ವರ್ಷಗಳಿವು. ಮಗುವಿನ ಸಾವಿಗೆ ಗ್ರಂಥದಲ್ಲಿ ದೊರೆತಿರುವುದು ಕೆಲವೇ ವಾಕ್ಯಗಳು. ಮಹಾಕಾವ್ಯಗಳ ಪ್ರಲಾಪವನ್ನು ಕೇಳಿ ಬೆಳೆದ ನಮಗೆ ಅದು ಕಲ್ಲೆದೆಯೆಂದು ತೋರಬಹುದು. ಆದರೆ ಮರುದಿನವೂ ಹಸು ಕರೆಯಬೇಕಾದ ಮನೆಯಲ್ಲಿ ದುಃಖದ ಮಾತು ಅಷ್ಟೇ ಇರುತ್ತದೆ.

ಇನ್ನು ಮರಗಳ ವಿಷಯ. ಮ್ಯಾನ್ಲಿಗೆ ಎರಡು ಹಿಡುವಳಿಗಳಿದ್ದವು, ತಲಾ 160 ಎಕರೆ. ಒಂದು 1862ರ ಹೋಮ್‌ಸ್ಟೆಡ್ ಕಾಯಿದೆಯಂತೆ ದೊರೆತದ್ದು: ಐದು ವರ್ಷ ವಾಸವಿದ್ದು ಸಾಗುವಳಿ ಮಾಡಿದವನಿಗೆ ಸರ್ಕಾರದ ನೆಲ ಸ್ವಂತವಾಗುತ್ತಿತ್ತು. ಇನ್ನೊಂದು 1873ರ ಮರಬೆಳೆಯ ಕಾಯಿದೆಯದು. ಇದರಲ್ಲಿ ಮೊದಲು 40 ಎಕರೆಯಷ್ಟು, 1878ರಿಂದ 10 ಎಕರೆಯಷ್ಟು ಮರ ಬೆಳೆಸಿದವನಿಗೆ 160 ಎಕರೆ. ನೆಲವನ್ನು ಉತ್ತರೆ, ಮರವನ್ನು ನೆಟ್ಟರೆ ಮಳೆ ಹಿಂದೆಯೇ ಬರುವುದೆಂದು ಆ ಕಾಲದಲ್ಲಿ ವಿದ್ಯಾವಂತರೇ ನಂಬಿದ್ದರು. 1880ರ ದಶಕದ ಮೊದಲ ಕೆಲವು ವರ್ಷ ಮಳೆಯೂ ಚೆನ್ನಾಗಿ ಆಯಿತು, ಕಾಕತಾಳೀಯವು ಸಿದ್ಧಾಂತವಾಯಿತು. ಬಳಿಕ ಅನಾವೃಷ್ಟಿ ತೊಡಗಿದಾಗ ಮರಗಳು ಒಣಗಿದವು. ಮ್ಯಾನ್ಲಿಯ ಗಿಡಗಳೂ ಸತ್ತವು. ಮರದಿಂದ ಬರಬೇಕಾಗಿದ್ದ ನೆಲವನ್ನು ಎಕರೆಗೆ ಒಂದೂಕಾಲು ಡಾಲರಿನಂತೆ 200 ಡಾಲರು ತೆತ್ತು ಉಳಿಸಿಕೊಳ್ಳುವ ಪ್ರಸಂಗ ಬಂತು. ಆ ಕಾಯಿದೆಯನ್ನು ಸರ್ಕಾರವೇ 1891ರಲ್ಲಿ ರದ್ದುಮಾಡಿತು.

ಗ್ರಂಥದ ದೊಡ್ಡ ದೋಷ ಇಲ್ಲಿದೆಯೆಂದು ನನ್ನ ಅಭಿಪ್ರಾಯ. ಲಾರಾ ಗಾಳಿಯನ್ನು ಕಾಣುತ್ತಾಳೆ, ಆಲಿಕಲ್ಲನ್ನು ಕಾಣುತ್ತಾಳೆ, ಬಡ್ಡಿಯನ್ನೂ ಕಾಣುತ್ತಾಳೆ. ಆ ಒಣ ಬಯಲಿನಲ್ಲಿ ಬರಿಯ ಗೋಧಿಯನ್ನೇ ನಂಬಿ ಯಂತ್ರ ಕೊಂಡ ಪದ್ಧತಿಯೇ ತಪ್ಪಾಗಿರಬಹುದೆಂಬುದನ್ನು ಕಾಣುವುದಿಲ್ಲ. ಬರೆಯುವಾಗ ಶ್ರೀಮತಿ ವೈಲ್ಡರ್ ಕಂಡಿದ್ದರೋ ಏನೋ, ಕಂಡದ್ದನ್ನು ಲಾರಾಗೆ ಹೇಳಿಕೊಡಲಿಲ್ಲ. ಆ ನೆಲ ‘ಪುಕ್ಕಟೆ’ಯಾದದ್ದು ಹೇಗೆಂಬ ಪ್ರಶ್ನೆಯೂ ಏಳುವುದಿಲ್ಲ. ಡಕೋಟಾ ಎಂಬ ಹೆಸರೇ ಅಲ್ಲಿಯ ಮೂಲನಿವಾಸಿಗಳದು. ಅವರನ್ನು ಒಪ್ಪಂದಗಳಿಂದಲೂ ಬಲದಿಂದಲೂ ಸರಿಸಿದ ನೆಲವನ್ನು ಸರ್ಕಾರ ಹಂಚಿತು. ‘ಪುಟ್ಟ ಮನೆ’ಯ ಪುಸ್ತಕಗಳು ಆ ಜನರನ್ನು ಚಿತ್ರಿಸಿರುವ ರೀತಿಯನ್ನು ಒಪ್ಪಲಾಗದೆ, ಅಮೆರಿಕಾದ ಗ್ರಂಥಭಂಡಾರಿಗಳ ಸಂಘದವರು ಮಕ್ಕಳ ಸಾಹಿತ್ಯದ ಒಂದು ಪ್ರಶಸ್ತಿಯಿಂದ ಶ್ರೀಮತಿ ವೈಲ್ಡರ್ ಅವರ ಹೆಸರನ್ನು 2018ರಲ್ಲಿ ತೆಗೆದರು. ಅದರ ಯುಕ್ತಾಯುಕ್ತ ವಿಚಾರ ಇಲ್ಲಿ ಬೇಡ. ಕೆಟ್ಟ ಬೆಳೆಯ ಲೆಕ್ಕ ಬರೆಯುವವರು ನೆಲ ಯಾರದೆಂಬ ಅಂಕಣವನ್ನು ಬಿಟ್ಟರೆ ಲೆಕ್ಕ ಪೂರ್ತಿಯಾಗದೆಂಬಷ್ಟನ್ನು ಮಾತ್ರ ಹೇಳುತ್ತೇನೆ.

ಲೆಕ್ಕವೆಂದ ಕೂಡಲೇ ಅದೇ ದೇಶದ ಥೋರೋ ಮಹಾಶಯನ ನೆನಪಾಗುವುದು ಸಹಜ. 1854ರಲ್ಲಿ ಅಚ್ಚಾದ ‘ವಾಲ್ಡನ್’ ಗ್ರಂಥದಲ್ಲಿ ಅವನು ಎರಡೂವರೆ ಎಕರೆಯ ತನ್ನ ಹುರುಳಿಕಾಯಿಯ ಹೊಲಕ್ಕೆ ಅರ್ಧ ಸೆಂಟನ್ನೂ ಬಿಡದೆ ಜಮಾಖರ್ಚು ಕೊಟ್ಟಿದ್ದಾನೆ: ಖರ್ಚು 14 ಡಾಲರು 72½ ಸೆಂಟು, ಖರ್ಚು ಕಳೆದು ಉಳಿದದ್ದು 8 ಡಾಲರು 71½ ಸೆಂಟು. ಬಿತ್ತಿದ್ದು ತಡವಾಯಿತೆಂದು ದಾರಿಹೋಕರು ನಕ್ಕರು. ಮೆಕ್ಕೆಜೋಳ, ಟರ್ನಿಪ್ ಗೆಡ್ಡೆ ಎರಡೂ ಕೈಗೆ ಹತ್ತಲಿಲ್ಲ. ವುಡ್‌ಚಕ್ ಎಂಬ ಬಿಲವಾಸಿ ಪ್ರಾಣಿ ಕಾಲು ಎಕರೆಯನ್ನು ಮೇದುಹಾಕಿತು. ಮರುವರ್ಷ ಅವನು ಪಾಠ ಕಲಿತು ಸುಮಾರು ಎಕರೆಯ ಮೂರನೆಯೊಂದು ಭಾಗವನ್ನಷ್ಟೇ ಅಗೆದು ಮೊದಲಿಗಿಂತ ಮೇಲೆನಿಸಿಕೊಂಡ. ಆ ಅಧ್ಯಾಯದ ಗದ್ಯಕ್ಕೆ ಶ್ರೀಮತಿ ವೈಲ್ಡರ್ ಅವರ ಗದ್ಯ ಸಾಟಿಯಲ್ಲ. ಇದನ್ನು ಸಂಕೋಚವಿಲ್ಲದೆ ಒಪ್ಪಬೇಕು. ಆದರೆ ಥೋರೋ ನೆಲ ಸ್ನೇಹಿತನಾದ ಎಮರ್ಸನ್ನನದು, ಸಾಲವಿಲ್ಲ, ಹೆಂಡತಿ ಮಕ್ಕಳಿಲ್ಲ. ಬೇಡವಾದಾಗ, 1847ರಲ್ಲಿ, ಗುಡಿಸಲನ್ನು ಬಿಟ್ಟು ಊರಿಗೆ ಬಂದ. ಕಳೆಯ ಬೀಜವೂ ಹಕ್ಕಿಗೆ ಆಹಾರವಲ್ಲವೇ, ಬೆಳೆಯಲ್ಲಿ ಪ್ರಾಣಿಗಳಿಗೂ ಪಾಲಿಲ್ಲವೇ ಎಂಬ ಅವನ ಉದಾರಭಾವ ಸುಂದರವಾದದ್ದು. ನೂರಕ್ಕೆ ಎಂಟರ ಬಡ್ಡಿಯಿರುವವನು ಆ ಮಾತನ್ನು ಆಡಲಾರ. ಥೋರೋವಿನ ಸೋಲು ತತ್ತ್ವಕ್ಕೆ ಉದಾಹರಣೆಯಾಯಿತು. ಲಾರಾಳ ಸೋಲನ್ನು ಮಾತ್ರ ಸಾಲಗಾರರು ಬಂದು ಲೆಕ್ಕ ಕೇಳಿದರು.

ಈ ಗ್ರಂಥದ ಮುಕ್ತಾಯವನ್ನು ನಾನು ಮೆಚ್ಚಲಾರೆ. ನಾಲ್ಕನೆಯ ವರ್ಷ ಮುಗಿದು ಕರಾರಿನ ದಿನ ಬಂದಾಗ, ಬೇಸಾಯ ಗೆದ್ದಿತೇ ಸೋತಿತೇ ಎಂಬುದು ನೋಡುವವರ ದೃಷ್ಟಿಗೆ ಬಿಟ್ಟದ್ದೆಂದು ಮ್ಯಾನ್ಲಿ ಜಾರಿಕೊಳ್ಳುತ್ತಾನೆ. ಲಾರಾ ಕೂಡ, ಪ್ರತಿವರ್ಷ ಬೀಜವನ್ನು ನೆಲಕ್ಕೆ ಚೆಲ್ಲಿ ಪ್ರಕೃತಿಯೊಡನೆ ಪಣ ಕಟ್ಟುವ ಒಕ್ಕಲಿಗನ ವಾಸಿಯಾಗದ ಆಶಾವಾದವೇ ಪೂರ್ವಿಕರಿಂದ ತನಗೂ ಬಂದಿದೆಯೆಂದು ಸಮಾಧಾನಪಡುತ್ತಾಳೆ. ಅಷ್ಟು ಹೊತ್ತು ಕಾಸುಕಾಸನ್ನೂ ಎಣಿಸಿದ ಗ್ರಂಥ ಕೊನೆಯ ಪುಟದಲ್ಲಿ ಎಣಿಕೆಯನ್ನೇ ಕೈಬಿಡುತ್ತದೆ. ಆಶೆ ಒಳ್ಳೆಯದೇ, ಆದರೆ ಅದೇ ಗೋಧಿಯನ್ನು ಅದೇ ಬಗೆಯಲ್ಲಿ ಐದನೆಯ ಸಲ ಬಿತ್ತಿಸುವ ಆಶೆಯನ್ನು ಧೈರ್ಯವೆನ್ನಬೇಕೋ ಜೂಜೆನ್ನಬೇಕೋ ತಿಳಿಯದು. ‘ಪಣ’ವೆಂಬ ಮಾತನ್ನು ಗ್ರಂಥಕರ್ತ್ರಿಯವರೇ ತಂದಿರುವುದರಿಂದ ನಾನು ಕೇಳುವುದು ತಪ್ಪಾಗಲಾರದು.

ಕಲಿತ ಪಾಠವೊಂದು ಮಾತ್ರ ಗ್ರಂಥದಲ್ಲಿಯೇ, ಯಾರ ಗಮನಕ್ಕೂ ಬಾರದೆ, ಬಿದ್ದಿದೆ. ಮೂರನೆಯ ವರ್ಷ ಲಾರಾ ತನ್ನ ಕುದುರೆಮರಿಯನ್ನು ನೂರು ಡಾಲರಿಗೆ ಮಾರಿ, ದೊಡ್ಡಪ್ಪನ ಮಗನೊಡನೆ ಪಾಲುಗೂಡಿ ನೂರು ಕುರಿಗಳನ್ನು ಕೊಂಡಳು. ಆಲಿಕಲ್ಲು ತುಪ್ಪಟವನ್ನು ಕೆಡಿಸಲಿಲ್ಲ. ಬಿಸಿಗಾಳಿ ಹುಲ್ಲುಗಾವಲನ್ನು ಗೋಧಿಯಷ್ಟು ಸುಡಲಿಲ್ಲ. ಆ ನಾಲ್ಕು ವರ್ಷದಲ್ಲಿ ಹಣ ತಂದ ವ್ಯವಹಾರಗಳಲ್ಲಿ ಸಾಲವಿಲ್ಲದೆ ಕೊಂಡ ಈ ಕುರಿಗಳೇ ಮುಖ್ಯವಾದವು. ನಮ್ಮ ತಾಯಿಯವರು ಹೇಳಿದ ಅಕ್ಕಡಿ ಸಾಲಿನ ಅವರೆ ನನಗೆ ಇಲ್ಲಿ ಜ್ಞಾಪಕ ಬಂತು.

ಗ್ರಂಥ ನಿಂತಲ್ಲಿಂದ ಬದುಕು ಮುಂದುವರಿಯಿತು. ದಂಪತಿಗಳು ಮಿನ್ನೆಸೋಟಾ, ಫ್ಲಾರಿಡಾಗಳಲ್ಲಿ ಕೆಲಕಾಲವಿದ್ದು, ಮತ್ತೆ ಡಿ ಸ್ಮೆಟ್ಟಿಗೆ ಬಂದು ಕೂಲಿನಾಲಿ ಮಾಡಿ, 1894ರ ಬೇಸಗೆಯಲ್ಲಿ ಗಾಡಿ ಕಟ್ಟಿಕೊಂಡು ಮಿಸೌರಿಯ ಮ್ಯಾನ್ಸ್‌ಫೀಲ್ಡ್ ಎಂಬಲ್ಲಿಗೆ ಹೊರಟರು. ಅಲ್ಲಿ ಕೊಂಡದ್ದು 160 ಎಕರೆಯಲ್ಲ, 40 ಎಕರೆ; ಅದರಲ್ಲಿಯೂ ಬಹುಭಾಗ ಕಲ್ಲು, ಕಾಡು. ಅದಕ್ಕೆ ‘ರಾಕಿ ರಿಜ್’, ಎಂದರೆ ಕಲ್ಲುದಿಣ್ಣೆ, ಎಂದು ಹೆಸರಿಟ್ಟರು. ಈ ಎರಡನೆಯ ಆರಂಭದ ವೃತ್ತಾಂತ ಯಾವ ಕಾದಂಬರಿಯಲ್ಲಿಯೂ ಬರಲಿಲ್ಲ; ಬಂದದ್ದು ‘ಮಿಸೌರಿ ರೂರಲಿಸ್ಟ್’ ಎಂಬ ರೈತರ ಪತ್ರಿಕೆಯ 1911, 1912ರ ಸಂಚಿಕೆಗಳ ಎರಡು ಲೇಖನಗಳಲ್ಲಿ. ಗಂಡನ ಹೆಸರಿನಲ್ಲಿ ಅಚ್ಚಾಗಿದ್ದರೂ ಬರೆದ ಕೈ ಹೆಂಡತಿಯದೆಂದೇ ಬಲ್ಲವರ ಅಭಿಪ್ರಾಯ.

ಎರಡನೆಯದು ಸೇಬಿನ ತೋಟವನ್ನು ಕುರಿತದ್ದು. ಹಿಂದಿನ ಒಡೆಯನು 1000 ಸೇಬಿನ ಸಸಿಗಳಿಗಾಗಿ ನೆಲವನ್ನೇ ಅಡವಿಟ್ಟು, ತೀರಿಸಲಾರದೆ ಮಾರಿದನಂತೆ. ಅಷ್ಟು ಸಸಿಗಳನ್ನು ಒಪ್ಪಿಸಿದ ದಳ್ಳಾಳಿ ಬಹಳ ಸಮರ್ಥನಾಗಿರಬೇಕೆಂದು ಲೇಖನ ನಗುತ್ತದೆ. ಯಂತ್ರದ ದಳ್ಳಾಳಿಗಳನ್ನು ಡಕೋಟಾದಲ್ಲಿ ಕಂಡುಬಂದವರ ನಗೆಯದು. ಕೆಲವು ಗಿಡಗಳನ್ನು ಅದಾಗಲೇ, ಜೋಳದ ದಂಟು ನಾಲ್ಕಡಿಗಿಂತ ಮೇಲೇಳದಷ್ಟು ಸವೆದ ಹೊಲದಲ್ಲಿ ನೆಟ್ಟಿತ್ತು. ಮ್ಯಾನ್ಲಿ ಗಿಡಗಳ ಸುತ್ತಣ ಮಣ್ಣನ್ನು ಹುಡಿಯಾಗಿಟ್ಟ. ವಸಂತದಲ್ಲಿ ಬುಡಕ್ಕೆ ಕಟ್ಟಿಗೆಯ ಬೂದಿಯನ್ನು ಹಾಕಿದ. ತನ್ನ ನೆಲದಲ್ಲಿ ಯಾರೂ ಬೇಟೆಯಾಡದಂತೆ ತಡೆದ. ಬೇಟೆಯಿಲ್ಲದ್ದರಿಂದ ಲಾವುಗೆಗಳು, ನಮ್ಮಲ್ಲಿ ಬುರ್ಲಿ ಎನ್ನುವ ಹಕ್ಕಿಯನ್ನು ಹೋಲುವಂಥವು, ತೋಟದಲ್ಲಿ ತುಂಬಿ, ಆ ಹುಡಿಮಣ್ಣಿನಲ್ಲಿ ಕೋಳಿಗಳಂತೆ ಹೊರಳಾಡುತ್ತಿದ್ದವು. ಕಾಂಡ ಕೊರೆಯುವ ಹುಳು ತೋಟಕ್ಕೆ ಹತ್ತಲಿಲ್ಲ. ಈ ಸಂಗತಿಗಳನ್ನು ಒಂದಕ್ಕೊಂದು ಕೂಡಿಸಿ ನೋಡಬೇಕೆಂದು ಲೇಖನ ಓದುಗನಿಗೆ ಸೂಚಿಸುತ್ತದೆ.

ಇದು ಸಾಹಿತ್ಯವೇ ಎಂದು ಕೇಳುವವರಿರಬಹುದು. ಹುಳುವಿನ ಮಾತು, ಬೂದಿಯ ಮಾತು ಕೃಷಿ ಇಲಾಖೆಯ ಕರಪತ್ರಕ್ಕೆ ತಕ್ಕದ್ದೆಂದು ಅವರು ಹೇಳಿಯಾರು. ಅವರಿಗೆ ನನ್ನ ಉತ್ತರ ಇಷ್ಟು. ನಾಲ್ಕು ವರ್ಷದ ಗ್ರಂಥದಲ್ಲಿ ಗೋಧಿಹೊಲವನ್ನು ಕಂಡ ಕಣ್ಣು ಒಟ್ಟಾಗಿ ಕಂಡಿತು: ಇಷ್ಟು ಎಕರೆ, ಇಷ್ಟು ಬುಷೆಲು, ಇಷ್ಟು ಡಾಲರು. ತೋಟವನ್ನು ಕಂಡ ಕಣ್ಣು ಒಂದೊಂದು ಗಿಡವನ್ನೂ ಬೇರೆಯಾಗಿ ಕಂಡಿದೆ, ಗಿಡದ ಬುಡದಲ್ಲಿ ಹೊರಳುವ ಹಕ್ಕಿಯನ್ನೂ ಕಂಡಿದೆ. ಒಬ್ಬ ವ್ಯಕ್ತಿಯ ನೋಟ ಹೀಗೆ ಬದಲಾದದ್ದನ್ನು ತೋರಿಸುವ ಬರೆಹ ಎಲ್ಲಿ ಅಚ್ಚಾದರೇನು? ಅದರ ಕೊರತೆ ಬೇರೆಯದು. ಗೆದ್ದವನ ಮಾತಾದ್ದರಿಂದ ಅದು ಡಕೋಟಾದ ಹೆಸರನ್ನು ಎತ್ತಲೇ ಹಿಂಜರಿಯುತ್ತದೆ. ಆಲಿಕಲ್ಲನ್ನೂ ಸುಟ್ಟ ಮನೆಯನ್ನೂ ಅರಿಯದೆ ಆ ಲೇಖನವನ್ನೋದಿದವನಿಗೆ, ಇಷ್ಟು ಎಚ್ಚರ ಇವರಿಗೆ ಎಲ್ಲಿಂದ ಬಂತೆಂಬುದು ತಿಳಿಯುವಂತಿಲ್ಲ. ಸೋಲನ್ನು ಬರೆದ ಪುಸ್ತಕ ಪಾಠವನ್ನು ಬಿಟ್ಟಿತು. ಪಾಠವನ್ನು ಬರೆದ ಲೇಖನ ಸೋಲನ್ನು ಬಿಟ್ಟಿತು. ಎರಡನ್ನೂ ಒಂದೇ ರಟ್ಟಿನೊಳಗೆ ಕಟ್ಟಿಸಿ ಓದಬೇಕೆಂದು ನನ್ನ ಸೂಚನೆ. ಹಾಗೆ ಓದಿದವನಿಗೆ, ನಾನು ಮೊದಲು ಕೇಳಿದ ಪ್ರಶ್ನೆಗೆ, ಆ ಎಣಿಕೆಯಲ್ಲಿ ರಸವಿದೆಯೇ ಎಂಬುದಕ್ಕೆ, ತಾನಾಗಿಯೇ ಉತ್ತರ ದೊರೆಯುವುದು.

ಕಲ್ಲುದಿಣ್ಣೆಯ ನೆಲ ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ಬೆಳೆದು ಸುಮಾರು 200 ಎಕರೆಯಾಯಿತು. ಸೇಬಿನ ಜೊತೆಗೆ ಹಸು, ಕೋಳಿಗಳೂ ಬಂದವು. ಕೋಳಿಸಾಕಣೆಯ ವಿಷಯದಲ್ಲಿ ಆ ಸೀಮೆಯಲ್ಲಿ ಶ್ರೀಮತಿ ವೈಲ್ಡರ್ ಅವರ ಮಾತಿಗೆ ಬೆಲೆಯಿತ್ತು. 1916ರಲ್ಲಿ ಅಮೆರಿಕಾ ಸರ್ಕಾರವು ರೈತರಿಗೆ ಕಡಿಮೆ ಬಡ್ಡಿಯಲ್ಲಿ ದೀರ್ಘಾವಧಿಯ ಸಾಲ ದೊರಕಿಸುವ ಕಾಯಿದೆಯನ್ನು ಮಾಡಿತು. ಅದರಂತೆ ಮ್ಯಾನ್ಸ್‌ಫೀಲ್ಡಿನಲ್ಲಿ ಏರ್ಪಟ್ಟ ರೈತರ ಸಾಲದ ಸಂಘಕ್ಕೆ ಹಲವು ವರ್ಷಕಾಲ ಕಾರ್ಯದರ್ಶಿಯೂ ಖಜಾಂಚಿಯೂ ಆಗಿದ್ದವರು ಇದೇ ಶ್ರೀಮತಿ ವೈಲ್ಡರ್. ನೆರೆಹೊರೆಯ ರೈತರು ನೆಲದ ಕಾಗದಪತ್ರಗಳನ್ನು ಕೈಯಲ್ಲಿ ಹಿಡಿದುಕೊಂಡು ಅವರ ಮುಂದೆ ಬಂದು ಕೂರುತ್ತಿದ್ದರು. ಎಷ್ಟು ಸಾಲ ಬೇಕು, ಏತಕ್ಕೆ ಬೇಕು ಎಂದು ವಿಚಾರಿಸಿ ಅರ್ಜಿ ಬರೆಯುತ್ತಿದ್ದ ಆ ವರ್ಷಗಳ ಒಂದು ಪುಸ್ತಕವನ್ನೂ ಅವರು ಬರೆದಿದ್ದರೆ ಎಷ್ಟು ಚೆನ್ನಾಗಿತ್ತು!